ಹರಿದ ಇಳಕಲ್ ಸೀರೆ ಎಸೀಬೇಡಿ, ಗೋಡೆಗೆ ಹಾಕಿ

ಸೀರೆ ಮೊದಲು ಸವೆಯುವುದು ಒಡಲಲ್ಲಿ. ಕೂತು ಎದ್ದು ಮಾಡುವ ಜಾಗ ಜಾಳಾಗುತ್ತದೆ, ಕೆಳಗೆ ನೆರಿಗೆಯ ತುದಿ ಹಿಂಜುತ್ತದೆ. ಸೆರಗು ಮಾತ್ರ ಎಷ್ಟೋ ಸಲ ಹೊಸದರ ಹಾಗೇ ಇರುತ್ತದೆ. ಇಳಕಲ್ ಸೀರೆಯಲ್ಲಂತೂ ನೋಡಬೇಕಾದ್ದೆಲ್ಲ ಇರುವುದು ಆ ಸೆರಗಿನಲ್ಲೇ. ಮೂರು ಕಡೆ ಕೆಂಪು, ನಡುವೆ ಎರಡು ಕಡೆ ಬಿಳಿ. ಬಾಚಣಿಗೆ ಹಲ್ಲು, ಜೋಳದ ತೆನೆ, ಕೋಟೆ ಗೋಡೆಯ ಆಕಾರಗಳು. ಹಳೇ ಬಟ್ಟೆ ತಗೊಂಡು ಪಾತ್ರೆ ಕೊಡುವವರು ಬಾಗಿಲಿಗೆ ಬರುವ ಮೊದಲು ಆ ಸೆರಗನ್ನು ಎತ್ತಿಟ್ಟುಕೊಳ್ಳಿ. ಕಸೂತಿ ರಿಂಗಿಗೆ, ಅಂದರೆ ಒಳಗೊಂದು ಹೊರಗೊಂದು ಬಳೆಯಿದ್ದು ತಿರುಪಿನಿಂದ ಬಟ್ಟೆ ಬಿಗಿಹಿಡಿಯುವ ಚೌಕಟ್ಟಿಗೆ, ಬಿಗಿದರೆ ಗೋಡೆಗೆ ಚೆಂದದ ಅಲಂಕಾರವಾಗುತ್ತದೆ.

ಒಂದು ಮಾತು. ಇನ್ನೂ ಉಡಲು ಬರುವ ಸೀರೆಗೆ ಕತ್ತರಿ ಹಾಕಬೇಡಿ. ಹರಿದಿದ್ದರೂ ಅದು ಯಾರದೋ ಅವರನ್ನು ಒಮ್ಮೆ ಕೇಳಿಬಿಡಿ. ಅಜ್ಜಿಯ ಸೀರೆ ಕತ್ತರಿಸಿ ಆಮೇಲೆ ಸಮಜಾಯಿಷಿ ಕೊಡುವುದು ಕಷ್ಟ.

ಬೇಕಾದ್ದು ಇಷ್ಟೇ: 4, 6 ಮತ್ತು 8 ಇಂಚಿನ ಮರದ ಕಸೂತಿ ರಿಂಗ್, ತೆಳು ಬಿಳಿ ಲೈನಿಂಗ್ ಬಟ್ಟೆ, ಸೂಜಿ, ಗಟ್ಟಿ ದಾರ, ಹರಿತವಾದ ಕತ್ತರಿ, ರಟ್ಟು, ಸ್ವಲ್ಪ ಫೆವಿಕಾಲ್. ರಿಂಗ್ ಟೇಲರಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಪ್ಲಾಸ್ಟಿಕ್ಕಿನದೂ ಸಿಗುತ್ತದೆ, ಅಗ್ಗ. ಗೋಡೆ ಮೇಲೂ ಅಗ್ಗವಾಗಿಯೇ ಕಾಣುತ್ತದೆ.

ಮೊದಲು ಬಣ್ಣ ಬಿಡುತ್ತದಾ ನೋಡಿ. ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಸೆರಗಿನ ಕೆಂಪು ಮೂಲೆಗೆ ಒತ್ತಿ ಹಿಡಿಯಿರಿ. ಬಣ್ಣ ಹತ್ತಿದರೆ ನೀರಿಗೆ ಹಾಕಲೇಬೇಡಿ, ಕೆಂಪು ಹೋಗಿ ಬಿಳಿ ಪಟ್ಟಿಗೆ ಕೂರುತ್ತದೆ. ನೆರಳಲ್ಲಿ ಗಾಳಿಗೆ ಹರವಿ, ಕೊಡವಿದರೆ ಸಾಕು. ಹತ್ತದಿದ್ದರೆ ತಣ್ಣೀರಲ್ಲಿ ಮೃದುವಾದ ಸೋಪಿನಿಂದ ಅದ್ದಿ ತೆಗೆಯಿರಿ, ಹಿಂಡಬೇಡಿ. ಆಮೇಲೆ ಇಸ್ತ್ರಿ. ಸೆರಗು ರೇಷ್ಮೆಯದೋ ನಕಲಿ ರೇಷ್ಮೆಯದೋ ಗೊತ್ತಿರುವುದಿಲ್ಲ ಅಲ್ವಾ, ಹಾಗಾಗಿ ಮೇಲೊಂದು ಕಾಟನ್ ಬಟ್ಟೆ ಹಾಸಿ ಕಡಿಮೆ ಬಿಸಿಯಲ್ಲಿ ತಿಕ್ಕಿ. ಸುಕ್ಕು ಈಗಲೇ ಹೋಗಬೇಕು. ರಿಂಗಿಗೆ ಹಾಕಿ ಎಳೆದರೆ ಸರಿಹೋಗುತ್ತದೆ ಅನ್ನೋದು ಸುಳ್ಳು.

ಇನ್ನು ಯಾವ ಭಾಗ ತೋರಿಸಬೇಕು ಅನ್ನುವುದು. ಅರ್ಧ ಕೆಲಸ ಇರುವುದು ಇಲ್ಲೇ, ಅವಸರ ಬೇಡ. ಖಾಲಿ ರಿಂಗನ್ನು ಸೆರಗಿನ ಮೇಲಿಟ್ಟು ಆಚೆ ಈಚೆ ಸರಿಸಿ ನೋಡಿ. ಬರೀ ಕೆಂಪು ಬಂದರೆ ಸಪ್ಪೆ. ಕೆಂಪು ಮುಗಿದು ಬಿಳಿ ಶುರುವಾಗುವ ಗೆರೆ ರಿಂಗಿನ ನಡುವಿಗಿಂತ ಕೊಂಚ ಕೆಳಗೆ ಬರಲಿ. ಚಿಕ್ಕ ರಿಂಗಿಗೆ ದಡಿ ಸಾಕು. ಸೆರಗು ಒಡಲಿಗೆ ಸೇರುವ ಜಾಗವನ್ನೂ ಹತ್ತಿರದಿಂದ ನೋಡಿ. ಅಲ್ಲಿ ಹೊಲಿಗೆ ಇರುವುದಿಲ್ಲ. ಒಡಲಿನ ಹಾಸೆಳೆ (ಉದ್ದಕ್ಕೆ ಹಾಯುವ ನೂಲು), ಸೆರಗಿನ ಹಾಸೆಳೆ ಒಂದಕ್ಕೊಂದು ಕುಣಿಕೆಯಾಗಿ ಸಿಕ್ಕಿಕೊಂಡಿರುತ್ತವೆ. ನೇಕಾರರು ಇದಕ್ಕೆ ಕೊಂಡಿ ಅನ್ನುತ್ತಾರೆ. ನನ್ನ ಕೇಳಿದರೆ ದೊಡ್ಡ ರಿಂಗಿಗೆ ಇದೇ ಸರಿ. ಆದರೆ ಕೊಂಡಿಯ ಪಕ್ಕದಲ್ಲೇ ಕತ್ತರಿಸಿದರೆ ಎಳೆ ಬಿಚ್ಚಿಕೊಳ್ಳುತ್ತದೆ, ಎರಡೂ ಕಡೆ ಧಾರಾಳವಾಗಿ ಬಟ್ಟೆ ಬಿಡಿ.

ರಿಂಗಿನ ಸುತ್ತ 2 ಇಂಚು ಜಾಸ್ತಿ ಬಿಟ್ಟು ದುಂಡಗೆ ಕತ್ತರಿಸಿ. ಅಷ್ಟೇ ಅಳತೆಯ ಲೈನಿಂಗ್ ಕೆಳಗಿಡಿ, ಇಲ್ಲದಿದ್ದರೆ ಹಿಂದೆ ಹಾಕುವ ರಟ್ಟಿನ ಬಣ್ಣ ಬಟ್ಟೆಯಾಚೆ ಇಣುಕುತ್ತದೆ. ಒಳ ರಿಂಗ್ ಮೇಲೆ ಎರಡನ್ನೂ ಹಾಸಿ, ಹೊರ ರಿಂಗ್ ಕೂರಿಸಿ, ತಿರುಪು ಅರ್ಧ ಬಿಗಿ ಮಾಡಿ. ಈಗ ಸುತ್ತಲೂ ಸ್ವಲ್ಪ ಸ್ವಲ್ಪವೇ ಎಳೆಯಿರಿ. ಎಳೆಯುವುದು ನೂಲಿನ ನೇರಕ್ಕೆ, ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ. ಓರೆಯಾಗಿ ಎಳೆದರೆ ಕೆಂಪು ಬಿಳಿ ಗೆರೆ ಸೊಟ್ಟಗಾಗುತ್ತದೆ, ದೂರದಿಂದಲೂ ಕಾಣುತ್ತದೆ. ನೇರ ಬಂದ ಮೇಲೆ ತಿರುಪು ಪೂರ್ತಿ ಬಿಗಿಯಿರಿ.

ಹಿಂದೆ ಉಳಿದ ಅಂಚಿಗೆ ಫೆವಿಕಾಲ್ ಬಳಿಯುವುದು ಸುಲಭ. ಅದು ಮುಂದಕ್ಕೆ ಇಳಿದು ಕಲೆ ಮಾಡುವುದೂ ಅಷ್ಟೇ ಸುಲಭ. ಅಂಚಿನ ಸುತ್ತ ಉದ್ದುದ್ದ ಹೊಲಿಗೆ ಹಾಕಿ, ಲಾಡಿ ಎಳೆದ ಹಾಗೆ ದಾರ ಎಳೆದು ಗಂಟು ಹಾಕಿ. ಅಂಟು ಬೇಕಾಗುವುದು ಕೊನೆಗೆ, ಹಿಂದೆ ದುಂಡನೆಯ ರಟ್ಟು ಮುಚ್ಚುವುದಕ್ಕೆ. ಅದೂ ಅಂಚಿಗಷ್ಟೇ, ತೆಳ್ಳಗೆ.

ಮೊಳೆ ಹೊಡೆಯುವ ಮುಂಚೆ ಪೇಪರನ್ನು ರಿಂಗಿನಳತೆಗೆ ಕತ್ತರಿಸಿ ಟೇಪಿನಿಂದ ಗೋಡೆಗೆ ಅಂಟಿಸಿ ನೋಡಿ. ದೊಡ್ಡದು ನಿಂತವರ ಕಣ್ಣಿನ ಮಟ್ಟಕ್ಕೆ, ಸುಮಾರು 5 ಅಡಿ ಎತ್ತರದಲ್ಲಿರಲಿ. ಉಳಿದೆರಡು ಅದರ ಪಕ್ಕ ಮೇಲೆ ಕೆಳಗೆ, ಎರಡು ಬೆರಳಿನಷ್ಟೇ ಅಂತರದಲ್ಲಿ. ಮೂರನ್ನೂ ಒಂದೇ ಸಾಲಿಗೆ ಹಾಕಿದರೆ ಆಫೀಸಿನ ಗಡಿಯಾರಗಳ ಥರ ಕಾಣುತ್ತವೆ. ಬಾಡಿಗೆ ಮನೆಯಾದರೆ ಅಂಟಿಸುವ ಹುಕ್ ಸಾಕು, ಭಾರವೇನೂ ಇರುವುದಿಲ್ಲ.

ಇಳಕಲ್ ಸೀರೆ ಇಲ್ಲವಾ? ಇಳಕಲ್ ಇರುವ ಬಾಗಲಕೋಟೆ ಜಿಲ್ಲೆಯದೇ ಗುಳೇದಗುಡ್ಡದ ಖಣ ಇದೆ. ಕುಪ್ಪಸ ಹೊಲಿಸಿ ಉಳಿದ ತುಂಡೂ ಸಾಕಾಗುತ್ತದೆ. ವಿನ್ಯಾಸ ಚಿಕ್ಕದಾದ್ದರಿಂದ 4 ಇಂಚಿನ ರಿಂಗಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ.

ಬಿಸಿಲು ನೇರ ಬೀಳುವ ಗೋಡೆ ಬೇಡ, ಬಣ್ಣ ಮಾಸುತ್ತದೆ. ಅಡುಗೆಮನೆಯೂ ಬೇಡ. ಒಗ್ಗರಣೆಯ ಜಿಡ್ಡು ಕೂತರೆ ಎಲ್ಲ ಬಿಚ್ಚಿ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ.