ಹಳೆಯ ವಾಲ್ವ್ ರೇಡಿಯೊ: ಏನನ್ನು ಬದಲಿಸಬೇಕು, ಏನನ್ನು ಮುಟ್ಟಬಾರದು

ಅಟ್ಟದಿಂದ ಅಜ್ಜನ ಕಾಲದ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ರೇಡಿಯೊ ಇಳಿಸಿದವರು ಧೂಳು ಕೊಡವಿ ನೇರವಾಗಿ ಪ್ಲಗ್ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ದಶಕಗಳ ಕಾಲ ಸುಮ್ಮನೆ ಕುಳಿತ, ವಿದ್ಯುತ್ ಹಿಡಿದಿಡುವ ಕೆಪಾಸಿಟರ್‌ಗಳು ಒಳಗೊಳಗೇ ಕೆಟ್ಟಿರುತ್ತವೆ. ಒಮ್ಮೆಲೇ 230 ವೋಲ್ಟ್ ಹರಿದರೆ, ಇಂದು ಹುಡುಕಿದರೂ ಸಿಗದ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಮೊದಲು ವಾಲ್ವ್‌ಗಳ ಮೇಲಿನ ಅಕ್ಷರಗಳನ್ನು ಓದಿ. ಯುಸಿಎಚ್81, ಯುಎಲ್84 ಹೀಗೆ 'ಯು'ನಿಂದ ಶುರುವಾದರೆ ಅದು ಎಸಿ/ಡಿಸಿ ಸೆಟ್, ಸಾಮಾನ್ಯವಾಗಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇಲ್ಲದ್ದು. ಭಾಗಗಳನ್ನು ಕೂರಿಸಿದ ಅದರ ಲೋಹದ ತಟ್ಟೆಗೇ, ಅಂದರೆ ಷಾಸಿಗೇ, ಮನೆಯ ವಿದ್ಯುತ್ ತಗಲಿರುತ್ತದೆ. ಅದನ್ನು ಅನುಭವಿಗಳಿಗೆ ಬಿಡಿ. ಇಸಿಎಚ್81, ಇಎಲ್84 ಇದ್ದು, ಒಳಗೆ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇದ್ದರೆ ಮುಂದುವರಿಯಿರಿ.

ಗುಂಡಿಗಳನ್ನು ಕಿತ್ತು ಷಾಸಿಯನ್ನು ಹೊರತೆಗೆಯುವ ಮುನ್ನ ಎಲ್ಲ ಕಡೆಯಿಂದಲೂ ಫೋಟೊ ತೆಗೆಯಿರಿ. ಡಯಲ್ ದಾರ ಯಾವ ರಾಟೆಗೆ ಎಷ್ಟು ಸುತ್ತು ಸುತ್ತಿದೆ ಎಂದು ಚಿತ್ರ ಬರೆದಿಡಿ. ಡಯಲ್ ಗಾಜಿನ ಅಕ್ಷರಗಳಿರುವ ಬದಿಗೆ ನೀರಾಗಲಿ ಸ್ಪಿರಿಟ್ ಆಗಲಿ ತಾಗಿಸಬೇಡಿ, ಊರುಗಳ ಹೆಸರೆಲ್ಲ ಬಟ್ಟೆಗೆ ಬಂದುಬಿಡುತ್ತವೆ. ರಬ್ಬರ್ ಹೊದಿಕೆಯ ಹಳೆಯ ವೈರ್ ಬಗ್ಗಿಸಿದರೆ ಪುಡಿಪುಡಿಯಾಗುತ್ತದೆ. ಅದನ್ನು ತೆಗೆದು ಹೊಸದು ಹಾಕಿ.

ನಿಜವಾದ ಕೆಲಸವಿರುವುದು ಕೆಪಾಸಿಟರ್‌ಗಳಲ್ಲಿ. ಮೇಣ ಬಳಿದ ಕಾಗದದ ಕೊಳವೆಗಳನ್ನು ನೋಡಿ: ಮೇಣ ಕರಗಿ ಹನಿಯಾಗಿ ಗಟ್ಟಿಯಾಗಿರುತ್ತದೆ, ತುದಿ ಬಿರುಕು ಬಿಟ್ಟಿರುತ್ತದೆ. ಒಳಗಿನ ಕಾಗದ ತೇವ ಹೀರಿ ವಿದ್ಯುತ್ ಸೋರಲು ಬಿಡುತ್ತದೆ. ಇವುಗಳಲ್ಲಿ ಒಂದಂತೂ ಪರೀಕ್ಷಿಸದೆಯೇ ಬದಲಿಸಬೇಕಾದದ್ದು, ಸ್ಪೀಕರ್ ನಡೆಸುವ ಔಟ್‌ಪುಟ್ ವಾಲ್ವ್‌ನ ಗ್ರಿಡ್‌ಗೆ (ಹರಿವನ್ನು ನಿಯಂತ್ರಿಸುವ ತುದಿಗೆ) ಹೋಗುವ, ಸಾಮಾನ್ಯವಾಗಿ 0.01 ಮೈಕ್ರೊಫ್ಯಾರಡ್‌ನದು. ಅದು ಸೋರಿದರೆ ಗ್ರಿಡ್‌ಗೆ ಧನ ವೋಲ್ಟೇಜ್ ಬಂದು ವಾಲ್ವ್ ಮಿತಿಮೀರಿ ಕಾಯುತ್ತದೆ, ಅದರ ಹಿಂದೆಯೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಅದೇ ಮೌಲ್ಯದ, 630 ವೋಲ್ಟ್‌ನ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಕೇಳಿನೋಡಿ. ಹಳೆಯ ನೋಟ ಉಳಿಯಬೇಕೆಂದರೆ ಕೊಳವೆಯನ್ನು ಹದವಾಗಿ ಬಿಸಿಮಾಡಿ ತಿರುಳನ್ನು ಹೊರಗೆಳೆದು, ಹೊಸದನ್ನು ಒಳಗೆ ತೂರಿಸಿ ಮೇಣ ತುಂಬಿ. ನನಗೆ ಈ ಕೆಲಸವೇ ಅತ್ಯಂತ ಪ್ರಿಯ.

ಪವರ್ ಸಪ್ಲೈನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ 32 ಮೈಕ್ರೊಫ್ಯಾರಡ್‌ನದಾಗಿದ್ದರೆ 33ರದು, 450 ವೋಲ್ಟ್‌ನದು ಸಾಕು. ಇನ್ನೂ ದೊಡ್ಡದು ಹಾಕಿದರೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವ್‌ಗೆ ಹೊರೆ. ಹಳೆಯ ಡಬ್ಬಿ ಶೋಭೆಗೆ ಇರಲಿ, ಆದರೆ ಅದರ ಸಂಪರ್ಕ ಕತ್ತರಿಸಿ. ಧನ, ಋಣ ತುದಿ ಅದಲುಬದಲಾದರೆ ಹೊಸದು ಸಿಡಿಯುತ್ತದೆ. ಒಂದು ಸಲಕ್ಕೆ ಒಂದೇ ಭಾಗ ಬಿಚ್ಚಿ, ಅದನ್ನು ಬೆಸೆದ ಮೇಲೆ ಮುಂದಿನದು.

ರೆಸಿಸ್ಟರ್‌ಗಳ ಓಮ್ ಮೌಲ್ಯ ಕಾಲಕ್ರಮೇಣ ಏರುತ್ತದೆ. ನಾನು ತೆರೆದ ಒಂದು ಸೆಟ್‌ನಲ್ಲಿ 100 ಕಿಲೋಓಮ್‌ನದು 170 ತೋರಿಸಿತು. ಶೇ 20ಕ್ಕಿಂತ ಹೆಚ್ಚು ದಾರಿ ತಪ್ಪಿದ್ದನ್ನು ಮಾತ್ರ ಬದಲಿಸಿ. ಮೈಕಾ ಕೆಪಾಸಿಟರ್‌ಗಳೂ ವಾಲ್ವ್‌ಗಳೂ ಬಹುತೇಕ ಗಟ್ಟಿಯಾಗಿಯೇ ಇರುತ್ತವೆ.

ಈಗ 60 ಅಥವಾ 100 ವ್ಯಾಟ್‌ನ ತಂತಿ ಬಲ್ಬನ್ನು ರೇಡಿಯೊದ ಮೇನ್ಸ್ ವೈರ್‌ಗೆ ಸರಣಿಯಲ್ಲಿ ಜೋಡಿಸಿ ವಿದ್ಯುತ್ ಕೊಡಿ. ಎಲ್‌ಇಡಿ ನಡೆಯದು. ಬಲ್ಬ್ ಪ್ರಖರವಾಗಿಯೇ ಉರಿಯುತ್ತಿದ್ದರೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಆರಿಸಿ. ಆರಿಸಿದ ಮೇಲೂ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ನಲ್ಲಿ 250 ವೋಲ್ಟ್ ಉಳಿದಿರಬಹುದು. 10 ಕಿಲೋಓಮ್, 5 ವ್ಯಾಟ್ ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರ್‌ನಲ್ಲಿ ಖಚಿತಪಡಿಸಿಕೊಂಡೇ ಕೈ ಹಾಕಿ.

ದನಿ ಕ್ಷೀಣವಾಗಿದ್ದರೂ ಐಎಫ್ (ಇಂಟರ್‌ಮೀಡಿಯೆಟ್ ಫ್ರೀಕ್ವೆನ್ಸಿ) ಸುರುಳಿಗಳಿರುವ ಲೋಹದ ಕ್ಯಾನ್‌ಗಳ ಸ್ಕ್ರೂ ತಿರುಗಿಸಬೇಡಿ. 455 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕಾರ್ಖಾನೆಯಲ್ಲಿ ಕೂರಿಸಿದ ಹದವದು, ಸಿಗ್ನಲ್ ಜನರೇಟರ್ ಇಲ್ಲದೆ ಮರಳಿ ಬರುವುದಿಲ್ಲ.