ಗೋಂದಿನಂಥ ಜೆಲ್‌ನಲ್ಲಿ ರಂಧ್ರದ ನಿಕಲ್: ನನ್ನ ಅನುಭವ

"ಈ ಗೋಂದಿನಾಗ ಎಂಥಾ ಪ್ಲೇಟಿಂಗೋ ತಮ್ಮಾ?" ಅಂತ ನಮ್ಮ ಸರ್ ನಕ್ಕಿದ್ದರು. ಈಗ ಅದೇ ಗೋಂದಿನಿಂದ ಬಂದ ಕಪ್ಪು ಫಿಲ್ಮ್ ಅವರ ಮೇಜಿನ ಮೇಲಿದೆ. ಬಂದವರಿಗೆಲ್ಲ ಅವರೇ ತೋರಿಸುತ್ತಾರೆ.

1997ರಲ್ಲಿ ಅಟಾರ್ಡ್ ಎಂಬ ವಿಜ್ಞಾನಿಯ ತಂಡ ಸೋಪಿನಂಥ ಜೆಲ್‌ನಲ್ಲಿ ಕರೆಂಟ್ ಹರಿಸಿ ಪ್ಲಾಟಿನಂ ಫಿಲ್ಮ್ ಕೂರಿಸಿತು. ಆಮೇಲೆ ಜೆಲ್ ತೊಳೆದರೆ ಅದು ಇದ್ದ ಜಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ಸಾಲು ಉಳಿಯುತ್ತದೆ. ನಾನೂ ಧಾರವಾಡದಲ್ಲಿ ಮೊದಲು ಅದಕ್ಕೇ ಕೈಹಾಕಿದೆ. ಅದಕ್ಕೆ ಬೇಕಾದ ಪ್ಲಾಟಿನಂ ರಾಸಾಯನಿಕ ಕ್ಲೋರೋಪ್ಲಾಟಿನಿಕ್ ಆಸಿಡ್ ಒಂದು ಗ್ರಾಂಗೆ ನಾಲ್ಕೈದು ಸಾವಿರ ಕೊಟ್ಟ ನೆನಪು. ಒಮ್ಮೆ ಪ್ಲೇಟಿಂಗ್ ನಡುವೆ ಲೈಟ್ ಹೋಯಿತು. ಅಷ್ಟರಲ್ಲಿ ಕೂತಿದ್ದ ಫಿಲ್ಮ್ ತೊಳೆಯುವಾಗ ಸಿಪ್ಪೆಯಂತೆ ಎದ್ದು ಬಂತು. ಸಾಕಪ್ಪಾ ಅಂತ ನಿಕಲ್ ಅಸಿಟೇಟ್ ಎಂಬ ನಿಕಲ್ ಲವಣಕ್ಕೆ ಇಳಿದೆ.

ಬ್ರಿಜ್ 56 ಎಂಬ ಸೋಪಿನಂಥ ರಾಸಾಯನಿಕ ಮತ್ತು ನಿಕಲ್ ದ್ರಾವಣ, ತೂಕದಲ್ಲಿ ಹೆಚ್ಚೂಕಡಿಮೆ ಅರ್ಧಕ್ಕರ್ಧ. ಬಿಸಿ ಮಾಡಿ ಕಲಸಿ, ಆರಿಸಿ, ಮತ್ತೆ ಕಲಸಿ. ನಾನು ಸೋತದ್ದು ಏಪ್ರಿಲ್ ಸೆಕೆಯಲ್ಲಿ. ಡಬ್ಬಿಯ ಮುಚ್ಚಳ ಸಡಿಲವಿತ್ತು, ನೀರು ಆರಿ ಅಳತೆ ತಪ್ಪಿತ್ತು. ಕಣ್ಣಿಗೆ ಮಾತ್ರ ಜೆಲ್ ಗಟ್ಟಿಯಾಗೇ ಇದೆ! ಎರಡು ತಿಂಗಳು ಸುಮ್ನೆ ಪ್ಲೇಟಿಂಗ್ ಮಾಡಿದೆ. ರಂಧ್ರ ನೋಡುವ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನ (ಟಿಇಎಂ) ಬಿಲ್ ಹನ್ನೆರಡು ಸಾವಿರ ದಾಟಿತು. ಚಿತ್ರದಲ್ಲಿ ರಂಧ್ರಗಳಿಗೆ ಸಾಲೂ ಇಲ್ಲ, ಲೆಕ್ಕವೂ ಇಲ್ಲ.

ಕೈಹಿಡಿದದ್ದು ಭೂವಿಜ್ಞಾನದ ಗೆಳೆಯ ಕಲ್ಲು ನೋಡುವ ಪೋಲರೈಸಿಂಗ್ ಮೈಕ್ರೋಸ್ಕೋಪ್. ಗಾಜಿನ ಮೇಲೆ ಚೂರು ಜೆಲ್ ಒತ್ತಿ ನೋಡಿ. ಬೀಸಣಿಗೆ ಬಿಚ್ಚಿದಂಥ ಚಿತ್ತಾರ ಕಂಡರೆ ಹೆಕ್ಸಾಗೊನಲ್, ಅಂದರೆ ಒಳಗೆ ಜೇನುಗೂಡಿನಂಥ ಸಾಲು ಇದೆ, ಶುರು ಮಾಡಿ. ಬರೀ ಕಪ್ಪಾಗಿದ್ದರೆ, ಇಲ್ಲವೇ ಎಣ್ಣೆ ಹರಿದಂಥ ಗೆರೆ ಕಂಡರೆ, ಅವತ್ತು ಚಹಾ ಕುಡಿದು ಮನೆಗೆ ಹೋಗಿ. ಪೈಸೆ ಖರ್ಚಿಲ್ಲ, ಅಲ್ವಾ?

ವೋಲ್ಟೇಜ್ ಜಾಸ್ತಿ ಕೊಟ್ಟರೆ ಹೈಡ್ರೋಜನ್ ಗುಳ್ಳೆ ಜೆಲ್‌ನಲ್ಲೇ ಸಿಕ್ಕಿಕೊಂಡು ಫಿಲ್ಮ್‌ನಲ್ಲಿ ಕುಳಿ ಬೀಳುತ್ತವೆ. ವೋಲ್ಟೇಜ್ ಅಳೆಯಲು ಆಧಾರವಾಗಿ ಇಡುವ ಕ್ಯಾಲೊಮೆಲ್ ಎಲೆಕ್ಟ್ರೋಡ್ ಎದುರು ಮೈನಸ್ 0.9 ವೋಲ್ಟ್ ಆಸುಪಾಸು ನನಗೆ ಒಗ್ಗಿತು. ಕಲಸುವಾಗ ಸೇರಿದ ಗಾಳಿ ತೆಗೆಯಲು ಒಂದು ಉಪಾಯ ಮಾಡಿದ್ದೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ತೊಳೆಯುವಾಗ ಮಾತ್ರ ಜುಗ್ಗತನ ಬೇಡ. ಜೆಲ್ ಪೂರ್ತಿ ಹೋಗಲು ಐಸೊಪ್ರೊಪನಾಲ್ ಎಂಬ ಆಲ್ಕೊಹಾಲ್‌ನಲ್ಲಿ ಎರಡು ದಿನ ಇಡಿ, ನಾಲ್ಕೈದು ಸಲ ಬದಲಿಸಿ. ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಎಂಬ ಕ್ಷಾರದಲ್ಲಿ ನೋಡಿದಾಗ ಫಿಲ್ಮ್ ಹಿಡಿಯುವ ಚಾರ್ಜ್ ಸಾದಾ ನಿಕಲ್‌ಗಿಂತ ಎಂಟು ಹತ್ತು ಪಟ್ಟು ಬಂತು.

ಆ ಹುಮ್ಮಸ್ಸಿನಲ್ಲಿ ಗೊಬ್ಬರದಂಗಡಿಯ ಯೂರಿಯಾವನ್ನೂ ಆ ಕೆಒಎಚ್‌ಗೆ ಸುರಿದೆ. ಕ್ಷಾರದಲ್ಲಿ ಕರೆಂಟ್ ಕೊಟ್ಟರೆ ನಿಕಲ್ ಯೂರಿಯಾವನ್ನು ಒಡೆಯುತ್ತದಲ್ಲ, ಅದಕ್ಕೆ. 2015ರಿಂದ ಚೀಲದ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪ ಇರುವುದು ಮರೆತೇ ಹೋಗಿತ್ತು. ಕರೆಂಟ್‌ನ ಗ್ರಾಫ್ ಮೊದಲು ಜಿಗಿಯಿತು, ಹತ್ತು ನಿಮಿಷಕ್ಕೆ ಮಲಗಿತು. ಫಿಲ್ಮ್ ಮೂಸಿದರೆ ಬೇವಿನ ವಾಸನೆ. ಈಗ ಲ್ಯಾಬ್ ಗ್ರೇಡ್ ಯೂರಿಯಾ ಅರ್ಧ ಕಿಲೋ ತರಿಸಿಟ್ಟಿದ್ದೇನೆ.