ಹೊಸ ಮನೆಗೆ ಒಗ್ಗಿಕೊಳ್ಳುವುದು ಹೇಗೆ? ಮೊದಲು ಮನೆ ತಿಳಿಯಿರಿ, ಆಮೇಲೆ ಡಬ್ಬ ಬಿಚ್ಚಿ

ಸಾಮಾನು ಇಳಿಸಿ ಲಾರಿ ಹೊರಟ ಮೇಲೆ ಮನೆ ತುಂಬ ರಟ್ಟಿನ ಡಬ್ಬಗಳೇ. ಇವತ್ತೇ ಎಲ್ಲ ಬಿಚ್ಚಿ, ಜೋಡಿಸಿ ಮುಗಿಸಿಬಿಡೋಣ ಎಂಬ ಹುಮ್ಮಸ್ಸು ಆಗ ಯಾರಿಗಾದರೂ ಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ದಣಿದ ಕೈ ಸಾಮಾನನ್ನು ಎಲ್ಲಿ ಖಾಲಿ ಕಂಡಿತೋ ಅಲ್ಲಿ ಇಟ್ಟುಬಿಡುತ್ತದೆ. ಒಮ್ಮೆ ಕೂತ ಸಾಮಾನು ವರ್ಷಗಟ್ಟಲೆ ಅಲ್ಲಿಂದ ಏಳುವುದಿಲ್ಲ. ಮನೆ ಬಾಡಿಗೆಯದಾಗಲಿ ಸ್ವಂತದ್ದಾಗಲಿ, ಅದರ ನೀರು, ಕರೆಂಟು, ಬೆಳಕು, ಸದ್ದು ಹೇಗೆ ಎಂಬುದನ್ನು ತಿಳಿದುಕೊಂಡು ಜೋಡಿಸಿದರೆ ಒಂದೇ ಕೆಲಸವನ್ನು ಎರಡು ಸಲ ಮಾಡುವುದು ತಪ್ಪುತ್ತದೆ.

ಬಂದ ದಿನವೇ: ಬಂದ್ ಮಾಡುವ ಜಾಗ ಹುಡುಕಿ

ಮೊದಲ ಡಬ್ಬ ಬಿಚ್ಚುವ ಮುನ್ನ ಇಡೀ ಮನೆಯ ನೀರು ನಿಲ್ಲಿಸುವ ಮುಖ್ಯ ವಾಲ್ವ್ ಎಲ್ಲಿದೆ ನೋಡಿ. ನೋಡಿದರೆ ಸಾಲದು, ಒಮ್ಮೆ ತಿರುಗಿಸಿ ಮುಚ್ಚಿ, ನಲ್ಲಿಯಲ್ಲಿ ನೀರು ನಿಂತಿತೇ ಎಂದು ಖಚಿತಪಡಿಸಿಕೊಂಡು ಮತ್ತೆ ತೆರೆಯಿರಿ. ಬಹಳ ಕಾಲ ಯಾರೂ ಮುಟ್ಟದ ವಾಲ್ವ್ ಬಿಗಿದುಕೊಂಡಿರುತ್ತದೆ. ಬಲ ಹಾಕಿ ತಿರುಗಿಸಿದರೆ ಮುರಿಯಬಹುದು, ಹಾಗಾಗಿ ಪ್ಲಂಬರ್ ಕರೆಸಿ. ನಡುರಾತ್ರಿ ಪೈಪ್ ಒಡೆದಾಗ ಕೈಗೆ ಬರುವುದು ಈ ವಾಲ್ವ್ ಒಂದೇ, ಆದ್ದರಿಂದ ಮನೆಯ ದೊಡ್ಡವರೆಲ್ಲರಿಗೂ ಆ ಜಾಗ ಗೊತ್ತಿರಬೇಕು.

ನೀರಿನ ಮೀಟರ್ ಇದ್ದರೆ ಇನ್ನೊಂದು ಪರೀಕ್ಷೆ ಮಾಡಬಹುದು. ಎಲ್ಲ ನಲ್ಲಿ ಮುಚ್ಚಿ ಮೀಟರ್ ಮುಂದೆ ನಿಲ್ಲಿ. ಅಂಕಿಗಳ ಪಕ್ಕದಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ಹಲ್ಲಿನ ಚಕ್ರ ಇರುತ್ತದೆ. ಅಂಕಿ ಬದಲಾಗದಿದ್ದರೂ ಆ ಚಕ್ರ ನಿಧಾನಕ್ಕೆ ತಿರುಗುತ್ತಿದ್ದರೆ ಎಲ್ಲೋ ಸೋರುತ್ತಿದೆ. ಮೊದಲ ಅನುಮಾನ ಶೌಚಾಲಯದ ಫ್ಲಶ್ ಟ್ಯಾಂಕಿನ ಮೇಲಿರಲಿ. ಟ್ಯಾಂಕಿಗೆ ಒಂದೆರಡು ಹನಿ ತಿನ್ನುವ ಬಣ್ಣ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ. ಕಮೋಡಿನೊಳಗೆ ಬಣ್ಣ ಕಂಡರೆ ಒಳಗಿನ ವಾಷರ್ ಸವೆದಿದೆ ಎಂದರ್ಥ.

ಕರೆಂಟಿನ ಪೆಟ್ಟಿಗೆ ತೆರೆದು ಒಂದೊಂದೇ ಎಂಸಿಬಿ (ಮನೆಯ ಒಂದೊಂದು ಭಾಗದ ಕರೆಂಟು ಕತ್ತರಿಸುವ ಸ್ವಿಚ್) ಇಳಿಸುತ್ತ, ಯಾವ ಕೋಣೆ ಕತ್ತಲಾಯಿತು ನೋಡಿ, ಅದರ ಪಕ್ಕ ಚೀಟಿ ಅಂಟಿಸಿ. ಇಬ್ಬರಿದ್ದರೆ ಹತ್ತು ನಿಮಿಷದ ಕೆಲಸ. ಅದೇ ಪೆಟ್ಟಿಗೆಯಲ್ಲಿ ‘ಟೆಸ್ಟ್’ ಗುಂಡಿ ಇರುವ ಸ್ವಿಚ್ ಇದ್ದರೆ ಅದು ಆರ್‌ಸಿಸಿಬಿ. ಕರೆಂಟು ಸೋರಿದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಸರಬರಾಜು ಕತ್ತರಿಸಿ ಜೀವ ಉಳಿಸುವುದು ಇದೇ. ಮನೆಗಳಲ್ಲಿ ಬಳಸುವುದು ಹೆಚ್ಚಾಗಿ 30 ಮಿಲಿಆಂಪಿಯರ್‌ ಸೋರಿಕೆಗೇ ಬೀಳುವಂಥದ್ದು. ಗುಂಡಿ ಒತ್ತಿದರೆ ಟಪ್ ಎಂದು ಬೀಳಬೇಕು. ಬೀಳದಿದ್ದರೆ, ಅಥವಾ ಪೆಟ್ಟಿಗೆಯಲ್ಲಿ ಅದು ಇಲ್ಲವೇ ಇಲ್ಲವಾದರೆ, ಪರದೆ ಸೋಫಾಗಳಿಗಿಂತ ಮೊದಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಈ ಖರ್ಚನ್ನು ಮುಂದೂಡಬೇಡಿ.

ಸಿಲಿಂಡರ್ ಜೋಡಿಸಿದ ಮೇಲೆ ಕೀಲುಗಳಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದೆಯೇ ನೋಡಿ. ಅಡುಗೆ ಅನಿಲಕ್ಕೆ ತನ್ನದೇ ಆದ ವಾಸನೆ ಇಲ್ಲ. ಸೋರಿಕೆ ಗೊತ್ತಾಗಲೆಂದೇ ಆ ಕೆಟ್ಟ ವಾಸನೆಯನ್ನು ಸೇರಿಸಿರುತ್ತಾರೆ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಶೇಖರವಾಗುತ್ತದೆ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಗೆ ಬನ್ನಿ.

ಮುಂಬಾಗಿಲ ಬೀಗದ ಇನ್ನೊಂದು ಕೀಲಿ ಯಾರ ಬಳಿ ಇದೆಯೋ ನಿಮಗೆ ಗೊತ್ತಿರುವುದಿಲ್ಲ. ಬೀಗ ಬದಲಿಸಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿ ಬದಲಿಸಿ.

ಖಾಲಿ ಬಿದ್ದಿದ್ದ ಮನೆಯ ನೀರು

ಕೆಲವು ವಾರ ಯಾರೂ ಇಲ್ಲದ ಮನೆಯ ಪೈಪುಗಳಲ್ಲಿ ನೀರು ನಿಂತೇ ಇರುತ್ತದೆ. 20ರಿಂದ 45 ಡಿಗ್ರಿ ಸೆಲ್ಸಿಯಸ್ ಬಿಸಿಯ ನಿಂತ ನೀರಿನಲ್ಲಿ ಲೀಜಿಯೊನೆಲ್ಲ ಎಂಬ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಅದು ನೀರಿನ ಸಣ್ಣ ತುಂತುರಿನ ಜೊತೆ ಉಸಿರಿಗೆ ಸೇರಿದರೆ ಶ್ವಾಸಕೋಶಕ್ಕೆ ಅಪಾಯ. ಹಾಗಾಗಿ ಬಂದ ಕೂಡಲೇ ಶವರ್ ಕೆಳಗೆ ನಿಲ್ಲಬೇಡಿ. ಎಲ್ಲ ನಲ್ಲಿಗಳನ್ನು ಕೆಲವು ನಿಮಿಷ ಹರಿಯಬಿಡಿ. ಶವರಿನ ತಲೆ ಬಿಚ್ಚಿ, ಇಲ್ಲವೇ ಸಣ್ಣಗೆ ತಿರುಗಿಸಿ, ಕಿಟಕಿ ತೆರೆದು ನೀವು ಆಚೆ ಬನ್ನಿ.

ಬಚ್ಚಲಿನಿಂದ ಚರಂಡಿ ವಾಸನೆ ಬರುತ್ತಿದ್ದರೆ ಗಾಬರಿ ಬೇಡ. ನೆಲದ ಜಾಲರಿಯ ಕೆಳಗೆ ಪೈಪು ಬಾಗಿಕೊಂಡು ಒಂದಿಷ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ, ಚರಂಡಿ ಗಾಳಿ ಮೇಲೆ ಬರದಂತೆ ತಡೆಯುವುದು ಆ ನೀರು. ಮನೆ ಖಾಲಿ ಬಿದ್ದರೆ ಅದು ಆರಿಹೋಗುತ್ತದೆ. ಪ್ರತಿ ಜಾಲರಿಗೂ ಒಂದೆರಡು ಚೊಂಬು ನೀರು ಸುರಿಯಿರಿ. ಎರಡು ದಿನವಾದರೂ ವಾಸನೆ ಹೋಗದಿದ್ದರೆ ಪ್ಲಂಬರ್ ನೋಡಲಿ.

ಮಲಗುವ ಜಾಗ, ಆಮೇಲೆ ಉಳಿದದ್ದು

ಮೊದಲ ಸಂಜೆ ಪೂರ್ತಿಯಾಗಿ ಸಿದ್ಧವಾಗಬೇಕಾದದ್ದು ಹಾಸಿಗೆ. ಹೊಸ ಜಾಗದಲ್ಲಿ ನಿದ್ದೆ ಹತ್ತದಿರುವುದು ಮನಸ್ಸಿನ ದೌರ್ಬಲ್ಯವಲ್ಲ. ಅಪರಿಚಿತ ಜಾಗದಲ್ಲಿ ಮೊದಲ ರಾತ್ರಿ ಮಲಗಿದವರ ಮಿದುಳಿನ ಎಡಭಾಗ ಬಲಭಾಗಕ್ಕಿಂತ ಎಚ್ಚರವಾಗಿದ್ದು, ಸಣ್ಣ ಸದ್ದಿಗೂ ಸ್ಪಂದಿಸುವುದನ್ನು 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ಅದಕ್ಕೇ ಹೊಸ ಹಾಸು ಹೊದಿಕೆಗಳನ್ನು ಆಮೇಲೆ ತೆಗೆಯಿರಿ. ಹಳೆಯ ದಿಂಬು, ಹಳೆಯ ಹೊದಿಕೆ, ಮಂಚದ ಅದೇ ಮಗ್ಗುಲು ಇರಲಿ. ರಾತ್ರಿ ಎದ್ದಾಗ ಕಾಲು ಹಳೆಯ ಮನೆಯ ದಾರಿಯನ್ನೇ ಹಿಡಿಯುತ್ತದೆ. ಬಚ್ಚಲಿನವರೆಗೆ ನೆಲದ ಮೇಲೆ ಒಂದೂ ಡಬ್ಬ ಬೇಡ, ಒಂದು ಸಣ್ಣ ದೀಪ ಉರಿಯುತ್ತಿರಲಿ. ವಯಸ್ಸಾದವರಿರುವ ಮನೆಯಲ್ಲಿ ಇದನ್ನು ಖಂಡಿತ ಮರೆಯಬಾರದು. ಅವರು ದಿನಾ ಕೂರುವ ಕುರ್ಚಿಯನ್ನೂ ಮೊದಲೇ ಇಳಿಸಿ, ಕಿಟಕಿ ಪಕ್ಕ ಹಾಕಿಕೊಡಿ.

ಫ್ರಿಜ್ಜನ್ನು ಮಲಗಿಸಿ ತಂದಿದ್ದರೆ ತಕ್ಷಣ ಪ್ಲಗ್ ಹಾಕಬೇಡಿ. ಕಂಪ್ರೆಸರ್‌ನ ಎಣ್ಣೆ ಕೊಳವೆಗಳಿಗೆ ಹರಿದಿರುತ್ತದೆ. ಎಷ್ಟು ಹೊತ್ತು ಮಲಗಿತ್ತೋ ಕನಿಷ್ಠ ಅಷ್ಟು ಹೊತ್ತು ನೆಟ್ಟಗೆ ನಿಲ್ಲಬೇಕು, ಗೊತ್ತಿಲ್ಲದಿದ್ದರೆ ಒಂದು ದಿನ ಬಿಡಿ. ಮುಂದೆ ಬಾಗಿಲಿರುವ ವಾಷಿಂಗ್ ಮಷೀನಿಗೆ ಸಾಗಣೆಗೆಂದು ಹಿಂಬದಿಯಲ್ಲಿ ಬೋಲ್ಟ್ ಬಿಗಿದಿದ್ದರೆ ಬಿಚ್ಚದೆ ಓಡಿಸಬೇಡಿ.

ಅಡುಗೆಮನೆಗೆ ಒಂದು ವಾರ ಕೊಡಿ

ನನ್ನ ಪ್ರಕಾರ ಹೊಸ ಮನೆ ಒಗ್ಗುವುದೂ ಒಗ್ಗದಿರುವುದೂ ತೀರ್ಮಾನವಾಗುವುದು ಇಲ್ಲೇ. ದಿನಕ್ಕೆ ಹತ್ತಾರು ಸಲ ಕೈ ಚಾಚುವ ಜಾಗ ಇದು, ಪ್ರತಿ ಸಲವೂ ತಡಕಾಡುವಂತಾದರೆ ಇಡೀ ಮನೆಯೇ ಪರಕೀಯ ಅನ್ನಿಸುತ್ತದೆ. ಕಪಾಟುಗಳನ್ನು ಮೊದಲ ದಿನವೇ ತುಂಬಬೇಡಿ. ದಿನಬಳಕೆಯ ಒಂದಿಷ್ಟು ಪಾತ್ರೆ, ಒಂದು ಚಾಕು, ಸೌಟು, ತಟ್ಟೆ ಲೋಟಗಳನ್ನು ಮಾತ್ರ ಹೊರತೆಗೆದು ಕಟ್ಟೆಯ ಮೇಲೇ ಇಟ್ಟುಕೊಂಡು ಅಡುಗೆ ಮಾಡಿ.

ಆಗ ಗಮನಿಸಿ: ಒಲೆ ಮುಂದೆ ನಿಂತಾಗ ಬಲಗೈ ಎತ್ತ ಹೋಗುತ್ತದೆ? ತೊಳೆದ ತರಕಾರಿಯನ್ನು ಎಲ್ಲಿ ಹೆಚ್ಚುತ್ತೀರಿ? ಬಿಸಿ ಪಾತ್ರೆ ಇಳಿಸುವುದೆಲ್ಲಿ? ಕೈ ಹೋದಲ್ಲಿ ಸೌಟು, ಹೆಚ್ಚುವಲ್ಲಿ ಚಾಕು, ಸಿಂಕಿನ ಹತ್ತಿರದ ಕಪಾಟಿನಲ್ಲಿ ತಟ್ಟೆ ಲೋಟ. ಭಾರದ ಪಾತ್ರೆಗಳು ಸೊಂಟಕ್ಕಿಂತ ಕೆಳಗಿರಲಿ, ಅಪರೂಪಕ್ಕೆ ಬಳಸುವಂಥವು ಮೇಲಿರಲಿ. ಒಲೆಯ ನೆತ್ತಿಯ ಕಪಾಟಿನಲ್ಲಿ ಮಸಾಲೆಪುಡಿ, ಎಣ್ಣೆ ಬೇಡ, ಬಿಸಿಗೂ ಹಬೆಗೂ ಬೇಗ ಕೆಡುತ್ತವೆ. ಔಷಧಿಗಳನ್ನು ಅಡುಗೆಮನೆಯಲ್ಲೂ ಬಚ್ಚಲಲ್ಲೂ ಇಡಬೇಡಿ. ಸೀಮೆಸುಣ್ಣವನ್ನೋ ಚೀಟಿಯನ್ನೋ ಕಪಾಟಿನ ಬಾಗಿಲಿಗೆ ಬಳಸಿ ಒಳಗೇನಿದೆ ಎಂದು ಬರೆದಿಡಿ. ಮನೆಯವರೆಲ್ಲ ‘ಅದು ಎಲ್ಲಿ, ಇದು ಎಲ್ಲಿ’ ಎಂದು ಒಬ್ಬರನ್ನೇ ಕೇಳುವುದು ಅದರಿಂದ ನಿಲ್ಲುತ್ತದೆ, ಆ ಒಬ್ಬರಿಗೆ ಉಸಿರಾಡಲು ಸಮಯ ಸಿಗುತ್ತದೆ.

ಮಕ್ಕಳು, ಸಾಕುಪ್ರಾಣಿಗಳು

ಮಕ್ಕಳ ಡಬ್ಬಗಳನ್ನು ದೊಡ್ಡವರ ಡಬ್ಬಗಳಿಗಿಂತ ಮೊದಲು ತೆರೆಯಿರಿ, ಜೋಡಿಸುವ ಕೆಲಸ ಅವರೇ ಮಾಡಲಿ. ಅಂದವಾಗಿ ಕಾಣದಿದ್ದರೂ ಕೈ ಹಾಕಬೇಡಿ. ಊಟ, ಸ್ನಾನ, ನಿದ್ದೆಯ ಹೊತ್ತು ಹಳೆಯ ಮನೆಯದ್ದೇ ಮುಂದುವರಿಯಲಿ. ಎತ್ತರದ ಬೀರು, ಪುಸ್ತಕದ ಕಪಾಟು, ಟಿವಿ ಸ್ಟ್ಯಾಂಡನ್ನು ಬ್ರಾಕೆಟ್ ಹಾಕಿ ಗೋಡೆಗೆ ಬಿಗಿಸಲೇಬೇಕು. ಮಗು ಡ್ರಾಯರ್ ಎಳೆದು ಅದರ ಮೇಲೆ ಕಾಲಿಟ್ಟರೆ ಸಾಕು, ಭಾರದ ಕಪಾಟು ಮುಂದಕ್ಕೆ ಮಗುಚುತ್ತದೆ.

ಬೆಕ್ಕನ್ನು ಇಡೀ ಮನೆಗೆ ಒಮ್ಮೆಲೇ ಬಿಡಬೇಡಿ. ಒಂದು ಕೋಣೆಯಲ್ಲಿ ಅದರ ತಟ್ಟೆ, ಮಣ್ಣಿನ ಟ್ರೇ, ಹಳೆಯ ಬಟ್ಟೆ ಇಟ್ಟು ಕೆಲವು ದಿನ ಅಲ್ಲೇ ಇರಲಿ. ತಾನಾಗಿ ಬಾಗಿಲ ಬಳಿ ಬಂದು ಕೂಗಿದಾಗ ಮುಂದಿನ ಕೋಣೆ ತೋರಿಸಿ. ನಾಯಿಗೆ ಊಟದ, ತಿರುಗಾಟದ ಹೊತ್ತು ತಪ್ಪದಿದ್ದರೆ ಬೇಗ ಹೊಂದಿಕೊಳ್ಳುತ್ತದೆ.

ಬೆಳಕು ನೋಡಿ, ಆಮೇಲೆ ಗೋಡೆ ಕೊರೆಯಿರಿ

ಬೆಳಗ್ಗೆ, ನಡುಮಧ್ಯಾಹ್ನ, ಸಂಜೆ ಬಿಸಿಲು ಯಾವ ಕಿಟಕಿಯಿಂದ ಎಲ್ಲಿಯವರೆಗೆ ಬರುತ್ತದೆ, ರಸ್ತೆಯ ಸದ್ದು ಯಾವ ಕೋಣೆಗೆ ಹೆಚ್ಚು, ಯಾವ ಮೂಲೆಯಲ್ಲಿ ತೇವ ಎಂದು ಕೆಲವು ವಾರ ನೋಡಿ. ಓದುವ ಮೇಜು, ಗಿಡಗಳು, ಬಟ್ಟೆಯ ಬೀರುವಿನ ಜಾಗ ಇದರಿಂದಲೇ ಗೊತ್ತಾಗುತ್ತದೆ. ಹೊಸ ಪೀಠೋಪಕರಣ ಕೊಳ್ಳುವ ಮಾತು ಅಲ್ಲಿಯವರೆಗೆ ಬೇಡ. ಮಲಗುವ ಕೋಣೆಗೆ 2700ರಿಂದ 3000 ಕೆಲ್ವಿನ್‌ನ (ಬೆಳಕಿನ ಛಾಯೆ ಹೇಳುವ ಅಳತೆ) ಹಳದಿ ಛಾಯೆಯ ಬಲ್ಬ್ ಹಿತ, ಕೆಲಸದ ಮೇಜಿಗೆ 4000 ಆಸುಪಾಸಿನದು ಸರಿ.

ಮೊಳೆ ಹೊಡೆಯುವಾಗ ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ, ಅಡ್ಡಕ್ಕೆ ಡ್ರಿಲ್ ಇಡಬೇಡಿ. ತಂತಿಗಳು ಸಾಮಾನ್ಯವಾಗಿ ಆ ಗೆರೆಯಲ್ಲೇ ಹೋಗಿರುತ್ತವೆ. ಗೋಡೆಯ ಆಚೆ ಬಚ್ಚಲೋ ಸಿಂಕೋ ಇದ್ದರೆ ಪೈಪುಗಳಿರುತ್ತವೆ.

ಈ ನಡುವೆ ಅಕ್ಕಪಕ್ಕದವರ ಬಾಗಿಲಿಗೆ ನೀವೇ ಹೋಗಿ ಹೆಸರು ಹೇಳಿ ಪರಿಚಯ ಮಾಡಿಕೊಳ್ಳಿ. ನೀರು ಬರುವ ಹೊತ್ತು, ಕಸ ಒಯ್ಯುವ ದಿನ, ನಂಬಬಹುದಾದ ಪ್ಲಂಬರ್, ಇವೆಲ್ಲ ಅವರಿಂದ ಗೊತ್ತಾಗುವಷ್ಟು ಸಲೀಸಾಗಿ ಇನ್ನೆಲ್ಲೂ ಗೊತ್ತಾಗುವುದಿಲ್ಲ. ಬ್ಯಾಂಕ್, ವಿಮೆ, ಗುರುತಿನ ಚೀಟಿ, ಮಕ್ಕಳ ಶಾಲೆ, ಕಚೇರಿಗಳಲ್ಲಿ ವಿಳಾಸ ಬದಲಿಸುವುದಕ್ಕೆ ಒಂದು ಪೂರ್ತಿ ಬೆಳಗ್ಗೆ ಮೀಸಲಿಡಿ.

ಬಿಚ್ಚಿದ ರಟ್ಟಿನ ಡಬ್ಬಗಳನ್ನು ಮನೆಯಲ್ಲಿ ರಾಶಿ ಹಾಕಬೇಡಿ, ಅವುಗಳ ಮಡಿಕೆಗಳಲ್ಲಿ ಜಿರಲೆ ಸೇರಿಕೊಳ್ಳುತ್ತದೆ. ಬಿಚ್ಚದೆ ಉಳಿದವುಗಳ ಮೇಲೆ ಒಳಗಿರುವ ಸಾಮಾನಿನ ಹೆಸರು ಮತ್ತು ಇವತ್ತಿನ ತಾರೀಖು ಬರೆದು ಒಂದೇ ಕಡೆ ಜೋಡಿಸಿ. ಆರು ತಿಂಗಳಾದರೂ ತೆರೆಯಬೇಕೆನಿಸದ ಡಬ್ಬದಿಂದ ಕಾಗದಪತ್ರ, ಫೋಟೊ ಬೇರೆ ತೆಗೆದಿಟ್ಟು, ಉಳಿದದ್ದನ್ನು ಬೇಕಾದವರಿಗೆ ಕೊಟ್ಟುಬಿಡಿ.